ಒಂದು ಅಂಗಾತ, ಒಂದು ಬೋರಲು

ಊರಿಗೆ ಊರೇ ಅವರನ್ನು ಹೆಡ್ ಮೇಷ್ಟ್ರು ಎಂದು ಕರೆಯುತ್ತಿತ್ತು. ಹಾಗಂತ ಅವರು ಪಾಠ ಹೇಳಿದವರಲ್ಲ, ಶಾಲೆಯಲ್ಲಿ ನಾಲ್ಕನೇ ತರಗತಿ ದಾಟಿದವರೂ ಅಲ್ಲ. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಬಿಚ್ಚಿ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಬಂದ ಹೆಸರು ಅದು. ಹಳೇ ಕಾರು ಸಾಕಿಕೊಂಡ ದೊಡ್ಡ ಮನುಷ್ಯರೆಲ್ಲ ಅವರ ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಸ್ವಲ್ಪ ನೋಡಿ" ಎಂದು ಹಲ್ಲು ಗಿಂಜುತ್ತಿದ್ದರು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಒಂದು ದಪ್ಪ ಬಟ್ಟೆ ಹಾಸಿಕೊಂಡು, ಎರಡೂ ಕೈಗಳನ್ನು ಅದರ ಕೆಳಗೆ ಇಟ್ಟುಕೊಂಡು, ಬರೀ ಕಿವಿಯಿಂದಲೇ ಕಾರಿನ ಕಾಯಿಲೆ ಹೇಳುತ್ತಿದ್ದರು. ನೋಡಿದವರಿಗೆ ಅದೊಂದು ಗತ್ತು ಅನ್ನಿಸುತ್ತಿತ್ತು.

ಗತ್ತೂ ಇಲ್ಲ, ಗಮ್ಮತ್ತೂ ಇಲ್ಲ. ಮೇಷ್ಟ್ರ ಕೈ ನಡುಗುತ್ತಿತ್ತು. ಆರು ವರ್ಷದ ಹಿಂದೆ ಎಡಗೈಯ ಕಿರುಬೆರಳಲ್ಲಿ ಶುರುವಾದದ್ದು ಈಗ ಎರಡೂ ಮೊಣಕೈಗೆ ಏರಿತ್ತು. ಲೋಟದ ತುಂಬ ಚಹಾ ಕೊಟ್ಟರೆ ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಅದಕ್ಕೇ ಮನೆಯಲ್ಲಿ ಅವರಿಗೆ ಯಾವತ್ತೂ ಅರ್ಧ ಲೋಟವೇ ಬಗ್ಗಿಸುತ್ತಿದ್ದುದು. ಈ ಸಂಗತಿ ಗೊತ್ತಿದ್ದದ್ದು ಅವರ ಹೆಂಡತಿಗೆ ಮತ್ತು ಸೊಸೆಗೆ. ಮಗ ಲಾರಿ ಹತ್ತಿದರೆ ಹದಿನೈದು ದಿನ ಮನೆ ಕಡೆ ತಲೆ ಹಾಕುವವನಲ್ಲ. ಬಂದರೂ ಉಂಡು ಮಲಗುವವನು, ಅಪ್ಪನ ಕೈ ನೋಡುವಷ್ಟು ಪುರುಸೊತ್ತು ಅವನಿಗೆಲ್ಲಿ.

ಹಾಗಾದರೆ ಹೆಡ್ಡು ಬಿಚ್ಚಿ ಕಟ್ಟುತ್ತಿದ್ದವರು ಯಾರು ಅಂತ ಕೇಳುತ್ತೀರಿ. ಇನ್ಯಾರು, ಸೊಸೆ. ಮದುವೆಯಾಗಿ ಬಂದ ಹೊಸತರಲ್ಲಿ ಶೆಡ್ಡಿಗೆ ಚಹಾ ತಂದಿಟ್ಟು ಹೋಗುತ್ತಿದ್ದವಳು. ಒಂದು ದಿನ "ಆ ಹದಿನಾಲ್ಕರ ಪಾನ ಕೊಡು" ಅಂದರು, ಸ್ಪ್ಯಾನರು ಹುಡುಕಿ ಕೊಟ್ಟಳು. ಇನ್ನೊಂದು ದಿನ "ಇದನ್ನ ಹಿಡ್ಕೊ" ಅಂದರು, ಹಿಡಿದಳು. ಹೀಗೆ ಹಿಡಿಯುತ್ತಾ ಹಿಡಿಯುತ್ತಾ ಹತ್ತು ವರ್ಷ ಕಳೆಯಿತು. ಕೊನೆಯ ಆರು ವರ್ಷ ಆ ಶೆಡ್ಡಿನಲ್ಲಿ ಬಿಗಿದ ಒಂದೊಂದು ಬೋಲ್ಟೂ ಅವಳ ಕೈಯದೇ. ಗಿರಾಕಿ ಬಂದ ಸದ್ದಾದರೆ ಸಾಕು, ಅವಳು ಪಾನ ಕೆಳಗಿಟ್ಟು ಪೊರಕೆ ಹಿಡಿಯಬೇಕು. ಮೇಷ್ಟ್ರು "ಬೆಳಗ್ಗೆ ಬೇಗ ಎದ್ದು ನಾನೇ ಕಟ್ಟಿಬಿಟ್ಟೆ ಸ್ವಾಮಿ" ಅನ್ನುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೆಸರು ಒಬ್ಬಳ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಕೆಲಸ ಮುಗಿದ ಮೇಲೆ ಏನೇನು ಮಾಡಿದೆವು ಎಂದು ಬರೆದು ಕೊಡುವ ಜಾಬ್ ಕಾರ್ಡಿನ ಸೈನು ಕೂಡ ಅವಳದೇ. ಅಂದರೆ, ಹೆಸರು ಮೇಷ್ಟ್ರದು, ಕೈ ಅವಳದು. ಮೊದಲಕ್ಷರಕ್ಕೊಂದು ದೊಡ್ಡ ಸುತ್ತು, ಕೊನೆಗೊಂದು ಉದ್ದನೆ ಬಾಲ. ಅದನ್ನು ಎಷ್ಟು ಚೆನ್ನಾಗಿ ಹಾಕುತ್ತಿದ್ದಳೆಂದರೆ, ಮೇಷ್ಟ್ರೇ ಒಮ್ಮೆ ನೋಡಿ "ಇದು ನಾನು ಯಾವಾಗ ಹಾಕಿದ್ದು?" ಎಂದು ಕೇಳಿದ್ದರು.

ಇಷ್ಟಾದರೂ ಒಂದು ಒಳ್ಳೆ ಮಾತು ಉಂಟೆ? ಊಹೂಂ. "ಕೈಯೋ ಕೊರಡೋ?" "ನಿಮ್ಮಪ್ಪ ಕಾರು ನೋಡಿದ್ದು ಬಸ್ಸಿನ ಕಿಟಕಿಯಿಂದ, ನಿನಗೆ ಎಲ್ಲಿಂದ ಬರಬೇಕು ಬುದ್ಧಿ?" ಅವಳು ಬಿಗಿಯುತ್ತಿರುವಾಗ ಹಿಂದೆ ಕೂತು ಇಂಥದ್ದನ್ನೇ ಉದುರಿಸುತ್ತಿದ್ದರು. ಕೈ ಬಿದ್ದುಹೋದ ಮನುಷ್ಯನಿಗೆ ಉಳಿದದ್ದು ನಾಲಿಗೆ ಒಂದೇ. ಅದರಲ್ಲಿ ನಡುಕ ಇರಲಿಲ್ಲ.

ಆ ವರ್ಷ ಪೇಟೆಯಲ್ಲಿ ವಾಹನ ರಿಪೇರಿ ಕಲಿಸುವ ತರಬೇತಿ ಕೇಂದ್ರದವರು ಎಂಜಿನ್ ಕೆಲಸ ಹೇಳಿಕೊಡಲು ಒಬ್ಬರು ಬೇಕು, ಹೆಂಗಸರಾದರೆ ಮೇಲು ಎಂದು ಬಾಗಿಲಿಗೆ ಕಾಗದ ಅಂಟಿಸಿದರು. ಕೆಲಸ ಮಾಡಿದ ಗ್ಯಾರೇಜಿನ ಆರು ಜಾಬ್ ಕಾರ್ಡು ಬೇಕು. ಜೊತೆಗೆ ಗ್ಯಾರೇಜಿನ ಯಜಮಾನರು, ಇವರು ಒಬ್ಬರೇ ಎಂಜಿನ್ ಕೆಲಸ ಮಾಡಬಲ್ಲರು ಎಂದು ಬರೆದು ಸೈನು ಹಾಕಿದ ಪತ್ರ ಬೇಕು. ತಿಂಗಳ ಕೊನೆಯೊಳಗೆ ಕೊಡಬೇಕು. ಸೊಸೆ ಅದನ್ನು ಮೂರು ಸಲ ನಿಂತು ಓದಿದಳು. ಆ ಶೆಡ್ಡಿನಿಂದ ಹೊರಗೆ ಬರುವ ಬಾಗಿಲು ಅದೊಂದೇ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

"ಮಾವ, ಒಂದು ಕಾಗದ ಬರ್ಕೊಡಬೇಕಿತ್ತು," ಎಂದು ಮಧ್ಯಾಹ್ನ ಕೇಳಿದಳು. ವಿಷಯ ಹೇಳಿದಳು.

ಮೇಷ್ಟ್ರ ಲೆಕ್ಕ ಸುಲಭದ್ದು. ಇವಳು ಹೋದರೆ ಕೈ ಹೋಯಿತು, ಕೈ ಹೋದರೆ ಹೆಸರು ಹೋಯಿತು. ಬೇಡ ಅಂದರೆ ಯಾಕೆ ಬೇಡ ಎಂದು ಹೇಳಬೇಕು. ಅದನ್ನು ಬಾಯಿಬಿಟ್ಟು ಹೇಳುವ ಮನುಷ್ಯರಲ್ಲ ಅವರು.

"ವಕೀಲರ ಕಾರು ಬರ್ತಾ ಇದೆ," ಅಂದರು ಕೊನೆಗೆ. "ಎಂಟು ಸಿಲಿಂಡರು. ಎರಡೂ ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀನೊಬ್ಳೇ ಮಾಡು, ನಾನು ಬಾಯಿ ಹಾಕಲ್ಲ. ಕುದೀದೆ ಓಡಿದ್ರೆ ಬರ್ಕೊಡ್ತೀನಿ."

"ನೀವೇ ಬರೀತೀರಾ?"

"ನಾನೇ."

ಅವಳೇ ಬರೆದು ಆ ಸುತ್ತು, ಆ ಬಾಲ ಎಳೆದುಕೊಂಡಿದ್ದರೆ ಅರ್ಧ ನಿಮಿಷದ ಕೆಲಸ. ದಿನಾ ಹಾಕುವ ಸೈನು ತಾನೆ. ಆದರೆ ಹಟ ಅಂತ ಒಂದಿರುತ್ತದೆ ನೋಡಿ. ಇವಳಿಗೆ ಕೆಲಸ ಬರುತ್ತದೆ ಅನ್ನುವ ಒಂದು ಮಾತು, ಹತ್ತು ವರ್ಷದಲ್ಲಿ ಒಂದೇ ಒಂದು ಸಲ, ಆ ಮನುಷ್ಯನಿಂದ ಬರಬೇಕು ಎಂದು ಅವಳಿಗೆ ಆಸೆ. ಆಸೆಗೆ ಬುದ್ಧಿ ಎಲ್ಲಿರುತ್ತದೆ.

ವಕೀಲರ ಕಾರು ಅವರಪ್ಪನ ಕಾಲದ್ದು. ಹಸಿರು ಬಣ್ಣ, ಮಂಚದಷ್ಟು ಅಗಲದ ಬಾನೆಟ್ಟು. ಅದರ ಎಂಜಿನ್ನು ಇಬ್ಭಾಗ, ನಾಲ್ಕು ಸಿಲಿಂಡರು ಈ ಕಡೆ, ನಾಲ್ಕು ಆ ಕಡೆ. ಒಂದೊಂದು ಕಡೆಗೆ ಒಂದೊಂದು ಹೆಡ್ಡು, ಒಂದೊಂದು ಹೆಡ್ಡಿನ ಕೆಳಗೆ ಒಂದೊಂದು ಗ್ಯಾಸ್ಕೆಟ್ಟು. ಗ್ಯಾಸ್ಕೆಟ್ ಎಂದರೆ ರಟ್ಟಿನಷ್ಟು ತೆಳ್ಳಗಿನ ತಗಡು. ಬೆಂಕಿ, ನೀರು, ಎಣ್ಣೆ ಮೂರೂ ಅಕ್ಕಪಕ್ಕದ ತೂತುಗಳಲ್ಲಿ ಓಡಾಡಬೇಕು, ಒಂದನ್ನೊಂದು ಮುಟ್ಟಬಾರದು, ಅದನ್ನು ಕಾಯುವುದೇ ಅದರ ಕೆಲಸ. ಈ ಕಾರಿನಲ್ಲಿ ಅದು ಸುಟ್ಟು ನೀರು ಎಣ್ಣೆಗೆ ಇಳಿದಿತ್ತು. ಎಣ್ಣೆ ನೋಡುವ ಕಡ್ಡಿ ಎಳೆದರೆ ಹಾಲು ಹಾಕಿದ ಕಾಫಿಯ ಬಣ್ಣ.

ಸೊಸೆ ಒಬ್ಬಳೇ ಬಿಚ್ಚಿದಳು. ರಟ್ಟಿನ ಡಬ್ಬಿಗೆ ಸಾಲಾಗಿ ತೂತು ಕೊರೆದು, ಯಾವ ಬೋಲ್ಟು ಯಾವ ಜಾಗದ್ದೋ ಅದೇ ಕ್ರಮದಲ್ಲಿ ಸಿಕ್ಕಿಸಿದಳು. ರಾಟೆ ಹಾಕಿ ಹೆಡ್ಡುಗಳನ್ನು ಎತ್ತಿಳಿಸಿದಳು. ಎರಡು ದಿನ ಕೂತು ಹಳೇ ಗ್ಯಾಸ್ಕೆಟ್ಟಿನ ಕರಕಲನ್ನು ಕೆರೆದು, ಮುಖ ಕಾಣುವ ಹಾಗೆ ಒರೆಸಿದಳು. ಪಟ್ಟಿ ಇಟ್ಟು ನೋಡಿದಳು, ಎಲ್ಲೂ ಡೊಂಕಿಲ್ಲ. ವಕೀಲರು ಹೊರದೇಶದಿಂದ ಎರಡು ಜೊತೆ ಗ್ಯಾಸ್ಕೆಟ್ ತರಿಸಿದ್ದರು, ಒಂದು ಹಾಕಲಿಕ್ಕೆ, ಒಂದು ಇರಲಿ ಅಂತ.

ಎಡಗಡೆಯದನ್ನು ಇಟ್ಟಳು, ತಗಡಿನ ಮೇಲೆ ಒತ್ತಿದ ನಂಬರು ಮೇಲೆ ಬರುವಂತೆ. ಬಲಗಡೆಯದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ಅನುಮಾನಿಸಿದಳು. ನಂಬರು ಮೇಲೆ ಮಾಡಿಯೂ ಕೂರುತ್ತದೆ, ಕೆಳಗೆ ಮಾಡಿಯೂ ಕೂರುತ್ತದೆ. ಎರಡು ರೀತಿಯಲ್ಲೂ ಬೋಲ್ಟಿನ ತೂತು ಸರಿಯಾಗಿಯೇ ಹೊಂದುತ್ತದೆ.

"ಮಾವ, ಬಾಯಿ ಹಾಕಲ್ಲ ಅಂದಿದ್ರಿ, ಒಂದೇ ಮಾತು. ಎರಡೂ ಕಡೆ ನಂಬರು ಮೇಲೇನಾ?"

"ನಂಬರು ಯಾವತ್ತಿದ್ರೂ ಮೇಲೆ. ಹತ್ತು ವರ್ಷದಿಂದ ಏನು ಮಣ್ಣು ಹೊತ್ತೆ ಇಲ್ಲಿ?"

ಅವಳು ಅಲ್ಲಿಯ ತನಕ ಕಟ್ಟಿದ ಎಂಜಿನ್ನುಗಳಿಗೆಲ್ಲ ಅದು ನಿಜವೂ ಆಗಿತ್ತು. ನಂಬರು ಮೇಲೆ ಮಾಡಿ ಇಟ್ಟಳು. ಹೆಡ್ಡು ಇಳಿಸಿ, ನಡುವಿನಿಂದ ಶುರುಮಾಡಿ ಎರಡೂ ತುದಿಗೆ, ಮೂರು ಸುತ್ತು ಬಿಗಿದಳು. ಕೊನೆಗೆ ಮೇಷ್ಟ್ರು ಎದ್ದು ಬಂದು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಬಲಗಡೆ ಹೆಡ್ಡಿನ ಹಿಂಬದಿಯಲ್ಲಿ ಗ್ಯಾಸ್ಕೆಟ್ಟಿನ ಒಂದು ಮೂಲೆ ಉಗುರಿನಷ್ಟು ಹೊರಗೆ ಇಣುಕುತ್ತಿತ್ತು. ತೊಡೆಯ ಮೇಲಿನ ಬಟ್ಟೆಯಿಂದ ಆ ಮೂಲೆಯನ್ನು ನಡುಗುವ ಕೈಯಲ್ಲೇ ನಿಧಾನವಾಗಿ ಒರೆಸಿದರು. "ಹ್ಞೂಂ," ಅಂದರು. ಆರು ವರ್ಷದಲ್ಲಿ ಅವರು ಎಂಜಿನ್ನು ಮುಟ್ಟಿದ್ದು ಅದೇ ಮೊದಲು. ಅದನ್ನು ಕಂಡು ಅವಳಿಗೆ ಸಂತೋಷವಾಯಿತು, ಪಾಪ.

ಶೆಡ್ಡಿನಲ್ಲಿ ಹತ್ತು ನಿಮಿಷ ಎಂಜಿನ್ನು ಬೆಣ್ಣೆಯ ಹಾಗೆ ಓಡಿತು. ವಕೀಲರು ಬಿಳಿ ಅಂಗಿ ತೊಟ್ಟು ಬಂದು ಪಕ್ಕದಲ್ಲಿ ಕೂತರು, ಸೊಸೆ ಸ್ಟೀರಿಂಗ್ ಹಿಡಿದಳು. "ಇವತ್ತು ಇವಳೇ ಕಟ್ಟಿದ್ದು ಸ್ವಾಮಿ, ಒಬ್ಳೇ," ಎಂದು ಮೇಷ್ಟ್ರು ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿದರು. ಆರು ವರ್ಷ ಮುಚ್ಚಿಟ್ಟದ್ದನ್ನು ಇವತ್ತೇ ಯಾಕೆ ಸಾರಿದರು ಎಂದು ಅವಳು ಯೋಚಿಸಲಿಲ್ಲ.

ಮಾರುಕಟ್ಟೆಯ ಹಿಂದಿನ ಏರಿನಲ್ಲಿ ಅರ್ಧ ಹತ್ತಿದ್ದರು, ಕಾವಿನ ಮುಳ್ಳು ಕೆಂಪಿಗೆ ಹಾರಿತು. ಅವಳು ತಕ್ಷಣ ಎಂಜಿನ್ನು ಆರಿಸಿದಳು. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಬಿಸಿ ಹಬೆ ಎದ್ದಿತು. ಇಳಿದು ನೋಡಲು ಹೋದ ವಕೀಲರ ಅಂಗಿಯ ತುಂಬ ತುಕ್ಕಿನ ನೀರು. ನಾಲ್ಕು ಜನ ಸೇರಿ ಕಾರನ್ನು ಹಿಂದಕ್ಕೆ ತಳ್ಳಿಕೊಂಡು ಬಂದರು. ಶೆಡ್ಡಿನ ಮುಂದೆ ಅಷ್ಟೊತ್ತಿಗೆ ಜನ ಸೇರಿತ್ತು.

"ನಾನು ಬಡ್ಕೊಂಡೆ," ಎಂದು ಮೇಷ್ಟ್ರು ಸ್ಟೂಲಿನಿಂದಲೇ ಶುರುಮಾಡಿದರು. "ನಂಗೆ ಬರುತ್ತೆ, ನಂಗೆ ಬರುತ್ತೆ ಅಂತ ಹಟ. ಇವಳು ಊರವರಿಗೆಲ್ಲ ಪಾಠ ಹೇಳಕ್ಕೆ ಹೊರಟಿದ್ದಾಳೆ ಸ್ವಾಮಿ, ಕೇಳಿದ್ರಾ? ಪೊರಕೆ ಹಿಡಿಯೋ ಕೈಗೆ ಪಾನ ಕೊಟ್ಟಿದ್ದು ನನ್ನ ತಪ್ಪು. ಹೆಡ್ಡು ಅಂದ್ಮೇಲೆ ನನ್ನ ಕೈ ಬೀಳದೆ ಆಗಲ್ಲ, ಬಿಡಿ."

ಜನ ನಕ್ಕರು. ಅವಳು ತಲೆ ತಗ್ಗಿಸಿ, ವಕೀಲರ ಅಂಗಿಗೆ ಒಂದು ಬಟ್ಟೆ ಕೊಟ್ಟಳು. ತನ್ನದೇ ತಪ್ಪು ಎಂದು ಅವಳು ನಿಜವಾಗಿಯೂ ನಂಬಿದ್ದಳು. ಅವತ್ತು ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದಾಗ ಅವಳು ನಸುಕಿನಲ್ಲೇ ಬಿಚ್ಚಿದ್ದ ಬಲಗಡೆ ಹೆಡ್ಡಿನ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ವಕೀಲರು ಬಂದರು. ಒಳ್ಳೆ ಮನುಷ್ಯ, ಬಯ್ಯಲು ಬಂದವರಲ್ಲ.

"ನಮ್ಮಪ್ಪನ ಕಾಲದಲ್ಲಿ ಇದೇ ಶೆಡ್ಡಲ್ಲಿ ಇದೇ ಕೆಲಸ ಆಗಿತ್ತಮ್ಮ," ಅಂದರು. "ನಾನಾಗ ಶಾಲೆಗೆ ಹೋಗ್ತಿದ್ದೆ. ಮೇಷ್ಟ್ರು ನಂಗೆ ತೋರಿಸಿ ಹೇಳಿದ್ರು, ಮರಿ, ಈ ಕಾರಿಗೆ ಅವಳಿ ಮಕ್ಕಳು, ಒಂದು ಅಂಗಾತ ಮಲಗುತ್ತೆ, ಇನ್ನೊಂದು ಬೋರಲು, ಎರಡನ್ನೂ ಅಂಗಾತ ಮಲಗಿಸಿದ್ರೆ ಮನೆಗೆ ಬೆಂಕಿ ಅಂತ. ಏನು ಅಂತ ಅರ್ಥ ಆಗ್ಲಿಲ್ಲ, ಆದ್ರೆ ಮಾತು ಇವತ್ತಿಗೂ ನೆನಪಿದೆ ನೋಡಿ."

ಸೊಸೆ ಕೈಯಲ್ಲಿದ್ದ ತಗಡನ್ನು ಬೋರಲು ಮಾಡಿ ಎಂಜಿನ್ನಿನ ಮೇಲಿಟ್ಟಳು. ಹಿಂಬದಿಯ ನೀರಿನ ದೊಡ್ಡ ತೂತುಗಳು ಸರಿಯಾಗಿ ತೂತಿನ ಮೇಲೆ ಕೂತವು. ನಿನ್ನೆ ಅವೇ ತೂತುಗಳ ಮೇಲೆ ತಗಡು ಮುಚ್ಚಿಕೊಂಡಿತ್ತು, ಹಿಂದಿನ ಸಿಲಿಂಡರುಗಳಿಗೆ ನೀರೇ ಇರಲಿಲ್ಲ. ಹೊರಗೆ ಇಣುಕುವ ಆ ಮೂಲೆ ಈಗ ಮುಂದಕ್ಕೆ ಬಂದಿತ್ತು, ಎಡಗಡೆಯದರ ಹಾಗೆಯೇ. ಹಿಂದೆ ಇಣುಕಿದ್ದ ಅದೇ ಮೂಲೆಯನ್ನು ಬಟ್ಟೆಯಿಂದ ಒರೆಸಿದ ಕೈ ಅವಳ ಕಣ್ಣ ಮುಂದೆ ಬಂತು. ನೋಡಿದ್ದರು, ಗೊತ್ತಿತ್ತು, ಒರೆಸಿ ಹ್ಞೂಂ ಅಂದಿದ್ದರು.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಹತ್ತು ವರ್ಷದ್ದು ಒಟ್ಟಿಗೆ ಬಂತು.

"ಸರ್," ಅಂದಳು ಮೆತ್ತಗೆ, "ಈ ಸಲ ಮಾವನೇ ಕೈಯಾರೆ ಹಾಕ್ತಾರೆ. ನೀವು ಬಂದು ಎದುರಿಗೇ ಕೂತ್ಕೊಂಡು ನೋಡಿ. ನಿಮಗೂ ಸಮಾಧಾನ. ಹಳೇ ಕಾರಿನ ನಿಮ್ಮ ಗೆಳೆಯರು ಇದ್ದಾರಲ್ಲ, ಅವರನ್ನೂ ಕರ್ಕೊಂಡು ಬನ್ನಿ. ಮಾವ ಕೆಲಸ ಮಾಡೋದು ಈಗೀಗ ಯಾರಿಗೂ ನೋಡಕ್ಕೆ ಸಿಗಲ್ಲ."

ವಕೀಲರಿಗೆ ಖುಷಿಯಾಯಿತು. ಎರಡು ದಿನ ಬಿಟ್ಟು ಬರುತ್ತೇನೆಂದು ಹೋದರು.

ಸುದ್ದಿ ಕೇಳಿದ ಮೇಷ್ಟ್ರ ಮುಖ ಬಿಳಿಚಿತು. "ಏನು ಹೇಳ್ಬಿಟ್ಟೆ ನೀನು?"

"ನೀವು ಹೇಳಿದ್ದನ್ನೇ ಹೇಳ್ದೆ ಮಾವ. ನಿಮ್ಮ ಕೈ ಬೀಳದೆ ಆಗಲ್ಲ ಅಂತ."

ವಕೀಲರು ಇಬ್ಬರು ಗೆಳೆಯರೊಂದಿಗೆ ಬಂದ ದಿನ ಅವಳು ಶೆಡ್ಡನ್ನು ಗುಡಿಸಿ, ಮೂರು ಕುರ್ಚಿ ಹಾಕಿದಳು. ಪಾನಗಳನ್ನು ಸಾಲಾಗಿ ಜೋಡಿಸಿಟ್ಟಳು. ಎಡಗಡೆಯದನ್ನೂ ಬಿಚ್ಚಿ, ಉಳಿದಿದ್ದ ಎರಡನೇ ಜೊತೆ ಗ್ಯಾಸ್ಕೆಟ್ಟುಗಳನ್ನು ಮೊದಲೇ ತಾನೇ ಇಟ್ಟು, ಹೆಡ್ಡುಗಳನ್ನೂ ಇಳಿಸಿ, ಬೋಲ್ಟು ಹಾಕುವುದನ್ನು ಮಾತ್ರ ಬಿಟ್ಟಿದ್ದಳು. ವಕೀಲರ ತಗಡು ಹಾಳಾಗಬಾರದಲ್ಲ. ಅವಳ ಸಿಟ್ಟು ಎಂಜಿನ್ನಿನ ಮೇಲೆ ಇರಲಿಲ್ಲ. ಮೇಷ್ಟ್ರು ಸ್ಟೂಲಿನಿಂದ ಏಳುವಾಗ ತೊಡೆಯ ಮೇಲಿನ ಬಟ್ಟೆಯನ್ನು ಮೆಲ್ಲಗೆ ಎಳೆದುಕೊಂಡು ಮಡಚಿ ಬದಿಗಿಟ್ಟಳು.

"ತಗೊಳ್ಳಿ ಮಾವ," ಎಂದು ಮೊದಲ ಬೋಲ್ಟನ್ನು ಅವರ ಅಂಗೈಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತಳು.

ಮೊದಲ ಸಲ ಬೋಲ್ಟು ತೂತಿನ ಸುತ್ತ ಟಕಟಕ ಬಡಿದು ಕೆಳಗೆ ಬಿತ್ತು. ಅವಳು ಹೆಕ್ಕಿ, ಒರೆಸಿ, ಮತ್ತೆ ಕೊಟ್ಟಳು. ಎರಡನೇ ಸಲ ವಕೀಲರ ಬೂಟಿನ ಹತ್ತಿರ ಉರುಳಿತು. "ಬೆವರಿಗೆ ಜಾರುತ್ತೆ," ಅಂದರು ಮೇಷ್ಟ್ರು. ಅವಳು ಬಗ್ಗಿ, ಹೆಕ್ಕಿ, ಒರೆಸಿ, ಮತ್ತೆ ಕೊಟ್ಟಳು. ಬಲಗೈಯನ್ನು ಎಡಗೈ ಹಿಡಿಯಲು ಹೋಯಿತು, ಎರಡೂ ಸೇರಿ ಇನ್ನಷ್ಟು ಕುಣಿದವು. ಮೂರನೇ ಸಲ ಬಿದ್ದಾಗ ವಕೀಲರ ಗೆಳೆಯರಲ್ಲಿ ಒಬ್ಬರು ಬೀದಿಯ ಕಡೆ ಮುಖ ತಿರುಗಿಸಿದರು. ಇನ್ನೊಬ್ಬರು ಆರು ವರ್ಷದಿಂದ ಇದೇ ಶೆಡ್ಡಿಗೆ ಕಾರು ತರುತ್ತಿದ್ದವರು. ಅವರು ಮೇಷ್ಟ್ರ ಕೈ ನೋಡಿದರು, ಆಮೇಲೆ ಸೊಸೆಯ ಕೈ ನೋಡಿದರು, ಉಗುರಿನ ಸಂದಿಯ ಕಪ್ಪು ನೋಡಿದರು.

ಅವಳು ನಾಲ್ಕನೇ ಸಲವೂ ಕೊಡಲು ಹೋದಳು. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

"ಸಾಕು ಮೇಷ್ಟ್ರೇ, ಕೂತ್ಕೊಳ್ಳಿ," ಅಂದರು ವಕೀಲರು. ಅವಳ ಕಡೆ ತಿರುಗಿ, "ನೀನು ಹಾಕಮ್ಮ," ಅಂದರು.

ಮಧ್ಯಾಹ್ನದ ಹೊತ್ತಿಗೆ ಕಾರು ಅದೇ ಏರನ್ನು ಮೂರು ಸಲ ಹತ್ತಿ ಇಳಿಯಿತು. ಮುಳ್ಳು ಅರ್ಧದಿಂದ ಅಲ್ಲಾಡಲಿಲ್ಲ. ಹಳೇ ಗಿರಾಕಿ ಹೋಗುವಾಗ ಮೇಷ್ಟ್ರಿಗೆ ಹೇಳಿಯೂ ಹೋಗಲಿಲ್ಲ.

ಸಂಜೆ ಅವಳು ಕಾಗದದ ಕಟ್ಟು, ಪೆನ್ನು ತಂದು ಅವರ ಮುಂದಿಟ್ಟಳು. "ಕಾರು ಓಡ್ತು ಮಾವ. ಮಾತು ಕೊಟ್ಟಿದ್ರಿ."

"ನೀನೇ ಬರ್ಕೊಂಡು ಸೈನು ಹಾಕ್ಕೊ. ದಿನಾ ಹಾಕ್ತೀಯಲ್ಲ."

"ಬೇಡ. ನಿಮ್ಮ ಕೈಯಲ್ಲೇ ಬರೀರಿ. ನಾನು ಕಾಯ್ತೀನಿ." ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಮೊದಲನೇ ಹಾಳೆ ಪೆನ್ನಿನ ಮೊನೆಗೆ ಹರಿಯಿತು. ಎರಡನೆಯದರಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಅವಳು ಅದನ್ನು ತೆಗೆದು ಹೊಸ ಹಾಳೆ ಇಟ್ಟಳು. ಮೂರು, ನಾಲ್ಕು, ಐದು. ಅತ್ತೆ ಬಾಗಿಲಿಗೆ ಬಂದು ನಿಂತರು. ಅವರ ಕಣ್ಣಲ್ಲಿ ನೀರಿತ್ತು.

"ಬಿಡೇ, ಸಾಕು ಮಾಡು. ವಯಸ್ಸಾದವರು."

"ಅತ್ತೆ, ಅವತ್ತು ನಾನು ಬೀದೀಲಿ ತಲೆ ತಗ್ಗಿಸಿ ನಿಂತಿದ್ದಾಗಲೂ ನೀವು ಇದೇ ಬಾಗಿಲಲ್ಲಿ ಇದ್ರಿ. ಒಳಗೆ ಹೋಗಿ."

ಅತ್ತೆ ಒಳಗೆ ಹೋದರು. ಒಂಬತ್ತನೇ ಹಾಳೆಯಲ್ಲಿ ಒಂದು ಸಾಲು ನಿಂತಿತು. 'ಇವಳು ಎಂಜಿನ್ ಕೆಲಸ ಒಬ್ಬಳೇ ಮಾಡುತ್ತಾಳೆ.' ಕೆಳಗೆ ಒಂದು ಸೈನು, ಮುರಿದ ಸುತ್ತು, ತುಂಡು ತುಂಡಾದ ಬಾಲ. ಮೇಷ್ಟ್ರು ಅದನ್ನು ತಾವೇ ಒಂದು ಸಲ ಓದಿದರು. "ನಿಜ ತಾನೆ ಬರೆದಿರೋದು," ಅಂದರು ನೆಲ ನೋಡುತ್ತಾ. ಅವಳು ಒದ್ದೆಯಾಗದ ಹಾಗೆ ಅದನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟಳು. ಆ ಒಂದು ಸಾಲನ್ನು ಮಲಗುವ ಮುಂಚೆ ಎಷ್ಟು ಸಲ ಓದಿದಳೋ, ಅವಳಿಗೇ ಲೆಕ್ಕವಿಲ್ಲ. ಸುಳ್ಳು ಯಾಕೆ ಹೇಳಲಿ, ಅವಳಿಗೆ ಸಂತೋಷವೇ ಆಗಿತ್ತು.

ತರಬೇತಿ ಕೇಂದ್ರದ ಗುಮಾಸ್ತರು ಕನ್ನಡಕ ಏರಿಸಿ, ಆರು ಜಾಬ್ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಪಕ್ಕದಲ್ಲಿ ಪತ್ರ ಇಟ್ಟರು. ಅದನ್ನೊಮ್ಮೆ ನೋಡಿದರು, ಇವನ್ನೊಮ್ಮೆ ನೋಡಿದರು.

"ಏನಮ್ಮ ಇದು? ಆರರಲ್ಲೂ ಒಂದೇ ಸೈನು, ಅಚ್ಚು ಹಾಕಿದ ಹಾಗಿದೆ. ಪತ್ರದಲ್ಲಿ ನೋಡಿದ್ರೆ ಕಾಗೆ ಕಾಲು, ಗುಬ್ಬಿ ಕಾಲು. ನಾವೇನು ಕಿವಿಗೆ ಹೂ ಇಟ್ಕೊಂಡು ಕೂತಿದ್ದೀವಾ?"

"ಅದು ಅವರದೇ ಸರ್. ನನ್ನೆದುರಿಗೇ ಬರೆದಿದ್ದು."

"ಹಾಗಾದ್ರೆ ಈ ಆರು ಯಾರದು?"

ನನ್ನದು ಅಂದರೆ ಆರು ಕಾರ್ಡೂ ಖೋಟಾ, ಅರ್ಜಿಯೂ ಹೋಯಿತು, ಮಾನವೂ ಹೋಯಿತು. ಗುಮಾಸ್ತರು ಅವಳ ಮೌನಕ್ಕೆ ತಮ್ಮದೇ ಅರ್ಥ ಮಾಡಿಕೊಂಡರು. ಪತ್ರವನ್ನು ಎರಡಾಗಿ ಹರಿದು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು.

"ಹೆಂಗಸು ಅಂತ ಸುಮ್ನಿದ್ದೀನಿ. ಇವತ್ತೇ ಕೊನೆ ದಿನ. ಯಜಮಾನರ ಹತ್ರ ಸರಿಯಾಗಿ ಬರೆಸ್ಕೊಂಡು ಸಂಜೆಯೊಳಗೆ ಬನ್ನಿ."

ಅವಳು ಹೊರಗೆ ಬಂದಳು. ಎದುರಿನ ಅಂಗಡಿಯಲ್ಲಿ ಒಂದು ಹಾಳೆ ಕೊಂಡು, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಅದೇ ಸಾಲನ್ನು ಬರೆದಳು. ಕೆಳಗೆ ದೊಡ್ಡ ಸುತ್ತು, ಉದ್ದ ಬಾಲ. ಅರ್ಧ ನಿಮಿಷ ಆಯಿತು. ಮನೆಗೆ ಹೋಗಿ ಬಂದಷ್ಟು ಹೊತ್ತಾಗಲಿ ಎಂದು ಒಂದೂವರೆ ಗಂಟೆ ಅಲ್ಲೇ ಕಾದು ಒಳಗೆ ಹೋದಳು.

"ಇದು ನೋಡಿ ಸೈನು ಅಂದ್ರೆ," ಅಂದರು ಗುಮಾಸ್ತರು. ಠಸ್ಸೆ ಒತ್ತಿದರು. ಮುಂದಿನ ಸೋಮವಾರದಿಂದ ಬರಬಹುದು ಎಂದರು.

ಮನೆಗೆ ಬಂದಾಗ ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಟ್ಟೆ ಇತ್ತು, ಶೆಡ್ಡಿನಲ್ಲಿ ಕಾರು ಇರಲಿಲ್ಲ.

"ಆಯ್ತಾ?"

"ಆಯ್ತು ಮಾವ. ಸೋಮವಾರದಿಂದ."

ಅವರು ಕೇಳಲೋ ಬೇಡವೋ ಎಂದು ತೊಡೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. "ನನ್ನ ಕಾಗದ ನೋಡಿ ಏನಂದ್ರು?"

ಚೆನ್ನಾಗಿದೆ ಅಂದರು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಯ ತನಕ ಬಂದಿತ್ತು ಕೂಡ.

"ನಿಮ್ಮ ಸೈನು ಸುಳ್ಳು ಅಂತ ಹರಿದು ಹಾಕಿದ್ರು. ನಾನು ಹಾಕಿದ್ದೇ ನಿಜ ಅಂದ್ರು," ಎಂದು ಹೇಳಿ, ಲೋಟದ ತುಂಬ ಚಹಾ ಬಗ್ಗಿಸಿ ಅವರ ಮುಂದಿಟ್ಟು ಒಳಗೆ ಹೋದಳು.